ಉಪ್ಪುಗಾಳಿಯ ಊರಲ್ಲಿ ಗೇಮಿಂಗ್ ಪಿಸಿ: ಜೋಡಣೆ, ಅಪ್‌ಗ್ರೇಡ್, ರಿಪೇರಿಯ ಸಮಗ್ರ ಮಾರ್ಗದರ್ಶಿ

ಕಾಪುವಿನಲ್ಲಿ ಒಬ್ಬ ಹುಡುಗನ ಪಿಸಿ ಆಟದ ನಡುವೆ ತಟ್ಟನೆ ಆಫ್ ಆಗಿ ತಾನಾಗಿ ಮತ್ತೆ ಏಳುತ್ತಿತ್ತು. ಕೊಂಡು ಆರು ತಿಂಗಳೂ ಆಗಿರಲಿಲ್ಲ. ತೋರಿಸಿದ ಕಡೆ ಗ್ರಾಫಿಕ್ಸ್ ಕಾರ್ಡ್ ಹೋಗಿದೆ ಎಂದಿದ್ದರಂತೆ. ನಾನು ಹೋದದ್ದು ಮಧ್ಯಾಹ್ನ. ಒಂದು ಗಂಟೆ ಆಡಿಸಿ ನೋಡಿದೆವು, ಏನೂ ಆಗಲಿಲ್ಲ. "ಅಣ್ಣಾ, ಹಗಲು ಸರಿ ಉಂಟು. ರಾತ್ರಿ ಊಟದ ಹೊತ್ತಿಗೆ ಮಾತ್ರ ಹೀಗೆ ಮಾಡುದು" ಎಂದ. ಉತ್ತರ ಆ ಮಾತಿನಲ್ಲೇ ಇತ್ತು. ಏಳೂವರೆಗೆ ಮತ್ತೆ ಹೋಗಿ ಪ್ಲಗ್ ಪಾಯಿಂಟಿಗೆ ಮಲ್ಟಿಮೀಟರ್ ಹಿಡಿದರೆ 172 ವೋಲ್ಟ್. ಸುತ್ತಲಿನ ಮನೆಗಳಲ್ಲಿ ಪಂಪು, ಗೀಸರ್, ಎಸಿ ಎಲ್ಲ ಒಟ್ಟಿಗೆ ಓಡುವ ಹೊತ್ತು ಅದು. ಪಿಸಿಯ ಭಾಗಗಳಿಗೆಲ್ಲ ಕರೆಂಟ್ ಹಂಚುವ ಪೆಟ್ಟಿಗೆ ಎಸ್‌ಎಂಪಿಎಸ್, ಅದರ ಲೇಬಲ್ ಓದಿದೆ: 200ರಿಂದ 240 ವೋಲ್ಟ್. ಕಾರ್ಡಿಗೆ ಏನೂ ಆಗಿರಲಿಲ್ಲ. 100ರಿಂದ 240 ವೋಲ್ಟ್‌ವರೆಗೆ ತಾಳುವ ಎಸ್‌ಎಂಪಿಎಸ್ ಹಾಕಿದೆವು. ಆ ಪಿಸಿ ಈಗಲೂ ಅದೇ ಕಾರ್ಡಿನಲ್ಲಿ ಓಡುತ್ತಿದೆ.

ನಮ್ಮ ಉಡುಪಿ, ಮಂಗಳೂರು ಕಡೆ ನಾನು ಬಿಚ್ಚಿ ನೋಡಿದ ಪಿಸಿಗಳಲ್ಲಿ ಹೆಚ್ಚಿನವು ಕೆಟ್ಟದ್ದು ಕರೆಂಟಿನಿಂದ, ಇಲ್ಲವೇ ತೇವದಿಂದ. ಆದ್ದರಿಂದ ಈ ಮಾರ್ಗದರ್ಶಿ ಗ್ರಾಫಿಕ್ಸ್ ಕಾರ್ಡಿನ ಆಯ್ಕೆಯಿಂದ ಶುರುವಾಗುವುದಿಲ್ಲ, ಗೋಡೆಯ ಪ್ಲಗ್ ಪಾಯಿಂಟಿನಿಂದ ಶುರುವಾಗುತ್ತದೆ.

ಮೊದಲು ಪ್ಲಗ್ ಪಾಯಿಂಟ್ ನೋಡಿ

ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ ಮುಟ್ಟಿದಾಗ ಬೆರಳ ತುದಿಗೆ ಜುಮ್ ಅನ್ನುತ್ತದೆಯೇ? "ಸ್ವಲ್ಪ ಶಾಕ್ ಹೊಡೀತದೆ, ಏನಾಗುದಿಲ್ಲ" ಎಂದು ಹಲವರು ಬಿಟ್ಟುಬಿಡುತ್ತಾರೆ. ದಯವಿಟ್ಟು ಬಿಡಬೇಡಿ. ಎಸ್‌ಎಂಪಿಎಸ್‌ನ ಒಳಗೆ ಫೇಸ್‌ನಿಂದಲೂ ನ್ಯೂಟ್ರಲ್‌ನಿಂದಲೂ ಕ್ಯಾಬಿನೆಟ್ಟಿನ ಲೋಹಕ್ಕೆ ಒಂದೊಂದು ಸಣ್ಣ ಕೆಪಾಸಿಟರ್ ಇರುತ್ತದೆ. ಅದರಿಂದ ಸೋರುವ ಅಲ್ಪ ಕರೆಂಟನ್ನು ಭೂಮಿಗೆ ಒಯ್ಯುವುದು ಅರ್ಥಿಂಗ್ ತಂತಿ. ಅರ್ಥಿಂಗ್ ಇಲ್ಲದ ಮನೆಯಲ್ಲಿ 230ರ ಅರ್ಧ, ಅಂದರೆ ಸುಮಾರು 115 ವೋಲ್ಟ್ ಕ್ಯಾಬಿನೆಟ್ಟಿನ ಮೈಮೇಲೆ ಕೂತಿರುತ್ತದೆ. ಎಚ್‌ಡಿಎಂಐ ಕೇಬಲ್ ಚುಚ್ಚುವ ಗಳಿಗೆಯಲ್ಲಿ ಆ ವೋಲ್ಟೇಜ್ ಕಾರ್ಡಿನ ಅಥವಾ ಟಿವಿಯ ಪೋರ್ಟ್ ಸುಡಬಹುದು.

ಅಳೆಯುವುದು ಹೀಗೆ. ಮಲ್ಟಿಮೀಟರನ್ನು ಎಸಿ ವೋಲ್ಟೇಜಿಗೆ ತಿರುಗಿಸಿ. ಫೇಸ್ ಮತ್ತು ನ್ಯೂಟ್ರಲ್ ನಡುವೆ 230ರ ಆಸುಪಾಸು ಇರಬೇಕು. ಫೇಸ್ ಮತ್ತು ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ಬರಬೇಕು. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟಿನೊಳಗೆ ಇದ್ದರೆ ಒಳ್ಳೆಯದು. ಹಗಲು ಒಮ್ಮೆ, ರಾತ್ರಿ ಎಂಟರ ಸುಮಾರಿಗೆ ಒಮ್ಮೆ ಅಳೆಯಿರಿ. ಮೀಟರ್ ಹಿಡಿದು ಅಭ್ಯಾಸವಿಲ್ಲದವರು ಎಲೆಕ್ಟ್ರಿಷಿಯನ್ ಕರೆಯಿರಿ, ಹತ್ತು ನಿಮಿಷದ ಕೆಲಸ. ಹಳೆಯ ಹಂಚಿನ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇದ್ದರೂ ಹಿಂದೆ ಅರ್ಥ್ ತಂತಿಯೇ ಇರದೆ ಇರುವುದುಂಟು. ಇದ್ದರೂ ಮುರಕಲ್ಲಿನ ನೆಲ ಮಾರ್ಚ್, ಏಪ್ರಿಲ್‌ನಲ್ಲಿ ಒಣಗಿದಾಗ ಅರ್ಥಿಂಗ್ ಬಲ ಕಳೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಅರ್ಥ್ ಗುಂಡಿಗೆ ವಾರಕ್ಕೆರಡು ಕೊಡ ನೀರು ಹಾಕುವ ಹಳಬರ ಅಭ್ಯಾಸ ಸರಿಯಾದದ್ದೇ.

ಯುಪಿಎಸ್ ಕೊಳ್ಳುವಾಗ ವಿಎ ಬಿಟ್ಟು ವ್ಯಾಟ್ ಓದಿ. 600 ವಿಎ ಎಂದು ಬರೆದದ್ದು ಸಾಮಾನ್ಯವಾಗಿ 360 ವ್ಯಾಟ್ ಮಾತ್ರ. ಆಟ ನಡೆಯುತ್ತಿರುವಾಗ ಪಿಸಿ, ಮಾನಿಟರ್ ಸೇರಿ ಅದನ್ನು ದಾಟಿದರೆ ಕರೆಂಟ್ ಹೋದ ಕ್ಷಣದಲ್ಲೇ ಯುಪಿಎಸ್ ಕೂಡ ಕೈಕೊಡುತ್ತದೆ. ಮಧ್ಯಮ ದರ್ಜೆಯ ಗೇಮಿಂಗ್ ಪಿಸಿಗೆ 600 ವ್ಯಾಟಿನ ಸುಮಾರಿನದ್ದು, ಕಡಿಮೆ ವೋಲ್ಟೇಜನ್ನು ಏರಿಸಿಕೊಡುವ ಎವಿಆರ್ ಇರುವಂಥದ್ದು ಬೇಕು. ಮನೆಯ ಇನ್ವರ್ಟರಿನಲ್ಲೇ ನಡೆಸುವವರಾದರೆ ಅದು ಪ್ಯೂರ್ ಸೈನ್ ವೇವ್ ಆಗಿರಲಿ, ಸ್ವಿಚ್ ಯುಪಿಎಸ್ ಮೋಡಿನಲ್ಲಿರಲಿ. ಒಳ್ಳೆಯ ಎಸ್‌ಎಂಪಿಎಸ್ ಕರೆಂಟ್ ಇಲ್ಲದೆ ತಾಳುವುದು ಸುಮಾರು 16 ಮಿಲಿಸೆಕೆಂಡು ಮಾತ್ರ. ಸಾಧಾರಣ ಮೋಡಿನಲ್ಲಿ ಇನ್ವರ್ಟರ್ ಬದಲಾಗುವಷ್ಟರಲ್ಲಿ ಪಿಸಿ ರೀಸ್ಟಾರ್ಟ್ ಆಗಿರುತ್ತದೆ.

ಇಡುವ ಜಾಗ

ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿನ ಸುಮಾರಿಗೆ ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಚಪ್ಪಲಿಗೆ ಬೂಷ್ಟು ಹಿಡಿಯುವ ಕೋಣೆಯಲ್ಲಿ ಮದರ್‌ಬೋರ್ಡಿಗೂ ಅದೇ ಗತಿ. ಒದ್ದೆಯಾಗುವ ಹೊರಗೋಡೆಗೆ ತಾಗಿಸಬೇಡಿ, ನಾಲ್ಕು ಬೆರಳು ಜಾಗ ಬಿಡಿ. ನೆಲದ ಮೇಲೆ ಇಡಬೇಡಿ. ಒರೆಸಿದ ನೀರು, ಇರುವೆ, ಕೆಂಪು ಧೂಳು ಮೂರೂ ಕೆಳಗಿನಿಂದಲೇ ಬರುವುದು. ಮಲ್ಪೆ, ಪಣಂಬೂರು, ಉಳ್ಳಾಲದಂಥ ಕಡಲ ಹತ್ತಿರದ ಮನೆಯಾದರೆ ಪಡುವಣ ಕಿಟಕಿಗೆ ನೇರವಾಗಿ ಇಡಲೇಬೇಡಿ. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಉಪ್ಪು ಬೆರೆತ ಧೂಳು ಬೋರ್ಡಿನ ಮೇಲೆ ಕೂತರೆ ಒದ್ದೆ ದಿನಗಳಲ್ಲಿ ಅದೇ ಕರೆಂಟ್ ಹರಿಯುವ ದಾರಿಯಾಗುತ್ತದೆ.

ಏನು ಕೊಳ್ಳಬೇಕು

ಮಾನಿಟರ್ ಮೊದಲು ನಿರ್ಧಾರವಾಗಲಿ. 1080ಪಿ, 1440ಪಿ ಎಂದರೆ ಪರದೆಯ ಚಿತ್ರ ಎಷ್ಟು ನವಿರು ಎಂಬ ಅಳತೆ, ಅಂದರೆ ರೆಸಲ್ಯೂಶನ್. 1080ಪಿ ಮಾನಿಟರಿಗೆ ದೊಡ್ಡ ಕಾರ್ಡ್ ದುಡ್ಡು ದಂಡ, 1440ಪಿಗೆ ಸಣ್ಣ ಕಾರ್ಡ್ ಹೊಟ್ಟೆಗೆ ಸಾಲದು. ಮಾನಿಟರ್ ಬಿಟ್ಟು ಉಳಿದ ಬಜೆಟ್ಟಿನ ಐದರಲ್ಲಿ ಎರಡು ಪಾಲು ಗ್ರಾಫಿಕ್ಸ್ ಕಾರ್ಡಿಗೆ ಎಂದು ನಾನು ಲೆಕ್ಕ ಹಾಕುತ್ತೇನೆ. ಆರ್‌ಟಿಎಕ್ಸ್ 4060 ಅಥವಾ 5060ರಂಥ 8 ಜಿಬಿ ಕಾರ್ಡುಗಳು 1080ಪಿಯಲ್ಲಿ ಈಗ ನಡೆಯುತ್ತವೆ. ನಾಲ್ಕೈದು ವರ್ಷ ಬಾಳಬೇಕೆಂದರೆ 16 ಜಿಬಿಯ ಆರ್‌ಎಕ್ಸ್ 9060 ಎಕ್ಸ್‌ಟಿ ಅಥವಾ 16 ಜಿಬಿಯ 5060 ಟಿಐ ಕಡೆ ನೋಡಿ. ಇವೆರಡಕ್ಕೂ ಅದೇ ಹೆಸರಿನ 8 ಜಿಬಿ ಅವತಾರ ಉಂಟು, ಪೆಟ್ಟಿಗೆಯ ಮೇಲಿನ ಅಂಕಿ ಓದಿಯೇ ದುಡ್ಡು ಕೊಡಿ.

ಪ್ರೊಸೆಸರಿನಲ್ಲಿ ಹೊಸದಾಗಿ ಕಟ್ಟುವವರಿಗೆ ನನ್ನ ಮಾತು ಎಎಂಡಿಯ ಎಎಂ5 ಸಾಕೆಟ್, ಅಂದರೆ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ. 2022ರಲ್ಲಿ ಬಂದ ಈ ಸಾಕೆಟ್ಟಿಗೆ ಮುಂದೆಯೂ ಪ್ರೊಸೆಸರ್‌ಗಳು ಬರುತ್ತವೆ, ಬೋರ್ಡ್ ಬದಲಿಸದೆ ಮೇಲೇರಬಹುದು. ರೈಜನ್ 5 7600, ಒಂದು ಬಿ650 ಬೋರ್ಡ್, 16 ಜಿಬಿಯ ಎರಡು ಡಿಡಿಆರ್5 ರ‍್ಯಾಮ್ ಕಡ್ಡಿ ಸಾಕು. 2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿದ್ದರಿಂದ 32 ಜಿಬಿ ಕಷ್ಟವಾದರೆ 8 ಜಿಬಿಯ ಎರಡು ಕಡ್ಡಿಯಲ್ಲಿ ಶುರುಮಾಡಿ. 16ರ ಒಂದೇ ಕಡ್ಡಿ ಬೇಡ, ಎರಡು ಕಡ್ಡಿ ಇದ್ದಾಗಲೇ ಡ್ಯುಯಲ್ ಚಾನೆಲ್, ಅಂದರೆ ಎರಡು ದಾರಿಯಲ್ಲಿ ಒಟ್ಟಿಗೆ ಓಡುವ ವೇಗ, ಸಿಗುವುದು. ಕೈ ಬಿಗಿಯಿದ್ದರೆ ಹಳೆಯ ಎಎಂ4ರ ರೈಜನ್ 5 5600 ಡಿಡಿಆರ್4ರಲ್ಲಿ ಇಂದಿಗೂ ಚೆನ್ನಾಗಿ ಆಡಿಸುತ್ತದೆ. 7600ರ ಒಳಗೆ ಒಂದು ಸಣ್ಣ ಗ್ರಾಫಿಕ್ಸ್ ಇದೆ, 5600ರಲ್ಲಿ ಇಲ್ಲ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ಎಫ್ ಇದ್ದರೆ ಇಲ್ಲ. ಕಾರ್ಡ್ ವಾರಂಟಿಗೆಂದು ವಾರಗಟ್ಟಲೆ ಹೋದಾಗ ಆ ಸಣ್ಣ ಗ್ರಾಫಿಕ್ಸಿನಲ್ಲೇ ಕಾಲೇಜಿನ ಕೆಲಸ ನಡೆಯುತ್ತದೆ. ಅದಕ್ಕಾಗಿ ಸ್ವಲ್ಪ ಹೆಚ್ಚು ಕೊಡುವುದು ನನಗೆ ನಷ್ಟವೆನಿಸುವುದಿಲ್ಲ.

ಸೆಕೆಂಡ್‌ಹ್ಯಾಂಡ್‌ನಲ್ಲಿ ಇಂಟೆಲ್‌ನ 13, 14ನೇ ತಲೆಮಾರಿನ ದೊಡ್ಡ ಪ್ರೊಸೆಸರ್ ಸಿಕ್ಕರೆ ಜಾಗ್ರತೆ. ಹೆಚ್ಚು ವೋಲ್ಟೇಜ್ ಎಳೆದು ಅವು ಕ್ರಮೇಣ ಹಾಳಾಗುತ್ತಿದ್ದವು. 2024ರಲ್ಲಿ ಇಂಟೆಲ್ ಮೈಕ್ರೋಕೋಡ್ ಎಂಬ ಚಿಪ್ಪಿನೊಳಗಿನ ಸಾಫ್ಟ್‌ವೇರಿಗೆ ಅಪ್‌ಡೇಟ್ ಕೊಟ್ಟಿತು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ಆದರೆ ಅದಕ್ಕೂ ಮೊದಲೇ ಸವೆದ ಚಿಪ್ಪನ್ನು ಅಪ್‌ಡೇಟ್ ಸರಿಮಾಡಲಾರದು.

ಎಸ್‌ಎಂಪಿಎಸ್‌ನಲ್ಲಿ ಮಾತ್ರ ಉಳಿತಾಯ ಬೇಡ. 650 ವ್ಯಾಟ್, ಕರೆಂಟ್ ಪೋಲಾಗದಿರುವುದಕ್ಕೆ ಕೊಡುವ 80 ಪ್ಲಸ್ ಬ್ರಾಂಜ್ ಅಥವಾ ಗೋಲ್ಡ್ ದರ್ಜೆ, ಲೇಬಲ್ಲಿನಲ್ಲಿ 100ರಿಂದ 240 ವೋಲ್ಟ್, ಕನಿಷ್ಠ ಐದು ವರ್ಷದ ವಾರಂಟಿ. ಕ್ಯಾಬಿನೆಟ್ಟಿನ ಜೊತೆ ಪುಕ್ಕಟೆ ಬಂದದ್ದನ್ನು ಗೇಮಿಂಗ್ ಪಿಸಿಗೆ ಹಾಕಬೇಡಿ. ಕ್ಯಾಬಿನೆಟ್ ಮುಂದೆ ಗಾಜಿನ ಬದಲು ಜಾಲರಿ ಇರಲಿ, ಫಿಲ್ಟರ್ ಬಿಚ್ಚಿ ತೊಳೆಯುವಂತಿರಲಿ. ಆಟ, ಫೈಲು ಇಡಲು ಬೋರ್ಡಿಗೇ ನೇರ ಕೂರುವ 1 ಟಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ ಇದ್ದರೆ ಪಟ್ಟಿ ಮುಗಿಯಿತು.

ಊರಿನ ಅಂಗಡಿಯೋ, ಆನ್‌ಲೈನೋ, ಬೆಂಗಳೂರಿನ ಎಸ್‌ಪಿ ರೋಡೋ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ನಾನು ಎಸ್‌ಎಂಪಿಎಸ್ ಮತ್ತು ಮದರ್‌ಬೋರ್ಡನ್ನು ಊರಿನಲ್ಲೇ ಕೊಳ್ಳುತ್ತೇನೆ, ತೊಂದರೆಯಾದರೆ ಹಿಡಿದುಕೊಂಡು ಹೋಗಲು ಒಂದು ಬಾಗಿಲು ಇರುತ್ತದೆ. ಎಲ್ಲಿ ಕೊಂಡರೂ ಸೀರಿಯಲ್ ನಂಬರ್ ಇರುವ ಜಿಎಸ್‌ಟಿ ಬಿಲ್ ಬೇಕು. ಪಾರ್ಸೆಲ್ ಬಂದರೆ ಪೆಟ್ಟಿಗೆ ಒಡೆಯುವುದನ್ನು ಮೊದಲಿನಿಂದ ಕೊನೆಯವರೆಗೆ ವಿಡಿಯೋ ಮಾಡಿ. ಹಳೆ ಕಾರ್ಡ್ ಕೊಳ್ಳುವವರು ಮೊದಲು ಹಿಂಬದಿಯ ಲೋಹದ ಪಟ್ಟಿ, ಸ್ಕ್ರೂಗಳನ್ನು ನೋಡಿ. ಅಲ್ಲಿ ತುಕ್ಕು ಕಂಡರೆ ಒಳಗೂ ಉಪ್ಪು ಹೋಗಿದೆ ಎಂದೇ ತಿಳಿಯಿರಿ.

ಜೋಡಿಸುವುದು

ಮರದ ಮೇಜಿನ ಮೇಲೆ ಮದರ್‌ಬೋರ್ಡಿನ ರಟ್ಟಿನ ಪೆಟ್ಟಿಗೆ ಇಟ್ಟು, ಅದರ ಮೇಲೆ ಬೋರ್ಡ್. ಹಾಸಿಗೆ, ಪ್ಲಾಸ್ಟಿಕ್ ಚಾಪೆ ಬೇಡ. ನಮ್ಮಲ್ಲಿ ಗಾಳಿ ಒದ್ದೆ ಇರುವುದರಿಂದ ಸ್ಟ್ಯಾಟಿಕ್ ಭಯ ಕಡಿಮೆ. ಆದರೂ ಎಸಿ ಕೋಣೆಯಲ್ಲಿ ಕೂತವರು ಆಗಾಗ ಒಂದು ಲೋಹದ ಕಿಟಕಿ ಸರಳು ಮುಟ್ಟಿ.

ಎಎಂ5ರಲ್ಲಿ ಪಿನ್ನುಗಳಿರುವುದು ಸಾಕೆಟ್ಟಿನಲ್ಲಿ. ತ್ರಿಕೋನದ ಗುರುತಿಗೆ ಗುರುತು ಸೇರಿಸಿ ಪ್ರೊಸೆಸರನ್ನು ಮೇಲಿನಿಂದ ಇಳಿಬಿಡಿ, ಒತ್ತಬೇಡಿ. ಕಡ್ಡಿ ಹಾಕುವಾಗ ಮಾತ್ರ ಗಟ್ಟಿಯಾಗಿ ಒತ್ತಬೇಕಾಗುತ್ತದೆ, ಹೆದರಬೇಡಿ. ರ‍್ಯಾಮ್ ಎರಡೇ ಇದ್ದರೆ ಪ್ರೊಸೆಸರಿನಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್. ಕ್ಲಿಕ್ ಎಂದು ಕೇಳುವವರೆಗೆ ಒತ್ತಿ. ಎಸ್‌ಎಸ್‌ಡಿ ಪ್ರೊಸೆಸರಿಗೆ ಹತ್ತಿರದ ಸ್ಲಾಟಿಗೆ. ಕೂಲರಿನ ಅಡಿಯ ಪ್ಲಾಸ್ಟಿಕ್ ಹಾಳೆ ತೆಗೆಯಿರಿ. ಅದು ಹಾಗೇ ಉಳಿದು ಬಿಸಿಯಾಗಿ ಬಂದ ಪಿಸಿಗಳನ್ನು ಹಲವು ಸಲ ಬಿಚ್ಚಿದ್ದೇನೆ. ಪ್ರೊಸೆಸರಿನ ಬಿಸಿಯನ್ನು ಕೂಲರಿಗೆ ದಾಟಿಸುವ ಪೇಸ್ಟನ್ನು ಬಟಾಣಿ ಕಾಳಿನಷ್ಟು ಪ್ರೊಸೆಸರಿನ ನಡುವೆ ಹಾಕಿ. ಸ್ಕ್ರೂಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಕೂಲರಿನ ತಂತಿ ಸಿಪಿಯು ಫ್ಯಾನ್ ಎಂದು ಬರೆದ ಜಾಗಕ್ಕೆ ಹೋಗಬೇಕು.

ಈಗ ಕ್ಯಾಬಿನೆಟ್ಟಿಗೆ ಹಾಕುವ ಮೊದಲೇ ಮೇಜಿನ ಮೇಲೆ ಓಡಿಸಿ ನೋಡಿ. ಎಸ್‌ಎಂಪಿಎಸ್‌ನ 24 ಪಿನ್ನಿನ ಕನೆಕ್ಟರ್ ಮತ್ತು ಪ್ರೊಸೆಸರಿನ 8 ಪಿನ್ನಿನ ಕನೆಕ್ಟರ್ ಕೊಡಿ. 7600ರ ಒಳಗೇ ಗ್ರಾಫಿಕ್ಸ್ ಇರುವುದರಿಂದ ಮಾನಿಟರ್ ಕೇಬಲ್ ಸದ್ಯಕ್ಕೆ ಬೋರ್ಡಿಗೇ ಸಾಕು. ಪ್ರೊಸೆಸರಿನದ್ದು ನಾಲ್ಕು ನಾಲ್ಕಾಗಿ ಬಿಡಿಸುವಂಥದ್ದು, ಗ್ರಾಫಿಕ್ಸ್ ಕಾರ್ಡಿನದ್ದು ಆರು ಎರಡಾಗಿ ಬಿಡಿಸುವಂಥದ್ದು. ಒತ್ತಿ ಅದಲುಬದಲು ಮಾಡಬೇಡಿ. ಪವರ್ ಸ್ವಿಚ್ಚಿನ ಎರಡು ಪಿನ್ನನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಮುಟ್ಟಿಸಿದರೆ ಆನ್ ಆಗುತ್ತದೆ. ಎಎಂ5 ಬೋರ್ಡ್ ಮೊದಲ ಸಲ ರ‍್ಯಾಮನ್ನು ಪರಿಚಯ ಮಾಡಿಕೊಳ್ಳಲು ಕೆಲವು ನಿಮಿಷ ತೆಗೆದುಕೊಳ್ಳುತ್ತದೆ, ಅಷ್ಟೂ ಹೊತ್ತು ಪರದೆ ಕಪ್ಪಗೇ ಇರುತ್ತದೆ. ಗಾಬರಿಬಿದ್ದು ಆಫ್ ಮಾಡಬೇಡಿ, ಒಂದು ಚಾ ಕುಡಿದು ಬನ್ನಿ.

ಡಿಸ್ಪ್ಲೇ ಬಂದರೆ ಆಫ್ ಮಾಡಿ ಕ್ಯಾಬಿನೆಟ್ಟಿಗೆ. ಸ್ಟ್ಯಾಂಡ್‌ಆಫ್ ಎಂಬ ಹಿತ್ತಾಳೆ ಗುಬ್ಬಿಗಳು ಬೋರ್ಡಿನ ತೂತುಗಳ ಕೆಳಗೆ ಮಾತ್ರ ಇರಲಿ. ಹೆಚ್ಚುವರಿ ಒಂದು ಉಳಿದರೂ ಬೋರ್ಡ್ ಶಾರ್ಟ್ ಆದೀತು. ಫ್ಯಾನ್‌ಗಳಲ್ಲಿ ಮುಂದಿನಿಂದ ಎರಡು ಅಥವಾ ಮೂರು ಒಳಕ್ಕೆ, ಹಿಂದೆ ಒಂದು ಹೊರಕ್ಕೆ. ಒಳಬರುವ ಗಾಳಿ ಹೆಚ್ಚಿದ್ದರೆ ಗಾಳಿಯೆಲ್ಲ ಫಿಲ್ಟರಿನ ಮೂಲಕವೇ ಬರುತ್ತದೆ, ಸಂದಿಗೊಂದಿಯಿಂದ ಧೂಳು ನುಗ್ಗುವುದಿಲ್ಲ. ಕಾರ್ಡ್ ಕೂರಿಸಿ, ಮಾನಿಟರ್ ಕೇಬಲನ್ನು ಕಾರ್ಡಿಗೇ ಚುಚ್ಚಿ, ಮದರ್‌ಬೋರ್ಡಿಗಲ್ಲ. ಪಿಸಿ ಇಡುವ ಕೋಣೆಯಲ್ಲಿ ಹಲ್ಲಿ ಇದ್ದೇ ಇರುತ್ತದೆ, ಆದ್ದರಿಂದ ಹಿಂಬದಿಯ ಖಾಲಿ ಸ್ಲಾಟುಗಳ ಮುಚ್ಚಳ ಬಿಸಾಡಬೇಡಿ. ಬೆಚ್ಚಗಿನ ಜಾಗ ಕಂಡರೆ ಅದು ಒಳಗೆ ಸೇರುತ್ತದೆ, ಎಸ್‌ಎಂಪಿಎಸ್‌ನ ಒಳಗೆ ಸತ್ತು ಶಾರ್ಟ್ ಮಾಡುತ್ತದೆ.

ಬಯೋಸ್‌ನಲ್ಲಿ, ಅಂದರೆ ಬೋರ್ಡಿನದೇ ಸೆಟ್ಟಿಂಗ್ ಪರದೆಯಲ್ಲಿ, ಎಕ್ಸ್‌ಪೋ ಅಥವಾ ಎಕ್ಸ್‌ಎಂಪಿ ಆನ್ ಮಾಡಿ, ಇಲ್ಲದಿದ್ದರೆ ರ‍್ಯಾಮ್ ತನ್ನ ಪೂರ್ತಿ ವೇಗದಲ್ಲಿ ಓಡದು. ಟಿಪಿಎಂ ಮತ್ತು ಸೆಕ್ಯೂರ್ ಬೂಟ್ ಎಂಬ ಎರಡು ಭದ್ರತಾ ಸೆಟ್ಟಿಂಗ್ ಆನ್ ಇರಲಿ. ವಿಂಡೋಸ್ 11ರಲ್ಲಿ ವ್ಯಾಲರಂಟ್‌ನಂಥ ಆಟಗಳು ಅವಿಲ್ಲದೆ ತೆರೆಯುವುದಿಲ್ಲ. ವಿಂಡೋಸ್‌ನ ಡಿಸ್ಪ್ಲೇ ಸೆಟ್ಟಿಂಗ್‌ನಲ್ಲಿ ರಿಫ್ರೆಶ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಸಲ ಪರದೆ ಬದಲಾಗುತ್ತದೆ ಎಂದು ನೋಡಿ. 144 ಹರ್ಟ್ಸ್ ಮಾನಿಟರ್ ಕೊಂಡು ವರ್ಷವಿಡೀ 60ರಲ್ಲೇ ಆಡಿದವರನ್ನು ಕಂಡಿದ್ದೇನೆ.

ಮಳೆಗಾಲದ ಆರೈಕೆ

ಮಳೆಗಾಲದಲ್ಲಿ ಪಿಸಿಗೆ ಕೊಡಬಹುದಾದ ಒಳ್ಳೆಯ ಔಷಧ ಅದನ್ನು ಓಡಿಸುವುದೇ. ದಿನಕ್ಕೆ ಅರ್ಧ ಗಂಟೆ ಓಡಿದರೂ ಒಳಗಿನ ಬಿಸಿ ತೇವವನ್ನು ಒಣಗಿಸುತ್ತದೆ. ಜುಲೈ, ಆಗಸ್ಟ್ ನಡುವಿನ ಆಟಿ ತಿಂಗಳಿಡೀ ಪ್ಲಾಸ್ಟಿಕ್ ಹೊದೆಸಿ ಮೂಲೆಯಲ್ಲಿಟ್ಟ ಪಿಸಿಯೇ ಕೆಡುವುದು. ಹೊದಿಕೆ ಬೇಕಿದ್ದರೆ ಹತ್ತಿ ಬಟ್ಟೆ ಹಾಕಿ, ಅದೂ ಪಿಸಿ ತಣಿದ ಮೇಲೆ. ಎಸಿಯಲ್ಲಿ ಗಂಟೆಗಟ್ಟಲೆ ತಣ್ಣಗಾದ ಪಿಸಿಯ ಎದುರು ಕಿಟಕಿ ತೆರೆದರೆ ಒದ್ದೆ ಗಾಳಿ ತಣ್ಣನೆಯ ಲೋಹದ ಮೇಲೆ ಹನಿಯಾಗುತ್ತದೆ. ಎಸಿ ಆಫ್ ಮಾಡಿ ಸ್ವಲ್ಪ ಹೊತ್ತಿನ ಮೇಲೆ ಕಿಟಕಿ ತೆರೆಯಿರಿ. ಬಿಡಿಭಾಗ ತೆಗೆದಿಡುವುದಿದ್ದರೆ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿ ಮುಚ್ಚಿಡಿ.

ಏಪ್ರಿಲ್, ಮೇ ತಿಂಗಳ ಸಂಜೆಯ ಸಿಡಿಲಿಗೆ ಯಾವ ಸರ್ಜ್ ಬೋರ್ಡೂ ಪೂರ್ತಿ ಅಡ್ಡ ನಿಲ್ಲದು. ಗುಡುಗು ದೂರದಲ್ಲಿರುವಾಗಲೇ ಪ್ಲಗ್ ಕಿತ್ತಿಡಿ, ಸ್ವಿಚ್ ಆಫ್ ಮಾಡಿದರೆ ಸಾಲದು. ಲ್ಯಾನ್ ಕೇಬಲನ್ನೂ ತೆಗೆಯಿರಿ. ಫೈಬರಿನ ಗಾಜಿನ ಎಳೆಯಲ್ಲಿ ಕರೆಂಟ್ ಬರುವುದಿಲ್ಲ ನಿಜ, ಆದರೆ ರೌಟರಿನ ಅಡಾಪ್ಟರಿಗೆ ಹೊಡೆದದ್ದು ತಾಮ್ರದ ಲ್ಯಾನ್ ಕೇಬಲ್ಲಿನಲ್ಲಿ ನೇರ ಮದರ್‌ಬೋರ್ಡಿಗೆ ಬರುತ್ತದೆ.

ಫಿಲ್ಟರ್ ತಿಂಗಳಿಗೊಮ್ಮೆ, ಒಳಭಾಗ ಮೂರು ತಿಂಗಳಿಗೊಮ್ಮೆ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆದುಕೊಳ್ಳಿ. ಬೇಸಿಗೆಯಲ್ಲಿ ಕೋಣೆ 33 ಡಿಗ್ರಿ ಇರುವಾಗ ಕಾರ್ಡ್ 75, 80ಕ್ಕೆ ಹೋದರೆ ಅದು ರೋಗವಲ್ಲ. ಕೋಣೆಯ ಬಿಸಿ ಎಷ್ಟು ಏರುತ್ತದೋ ಹೆಚ್ಚುಕಡಿಮೆ ಅಷ್ಟೇ ಒಳಗೂ ಏರುತ್ತದೆ.

ಅಪ್‌ಗ್ರೇಡ್

ಯಾವ ಭಾಗ ಹಿಂದಕ್ಕೆ ಎಳೆಯುತ್ತಿದೆ ಎಂದು ತಿಳಿಯದೆ ದುಡ್ಡು ಹಾಕಬೇಡಿ. ಆಟದ ರೆಸಲ್ಯೂಶನ್ ಇಳಿಸಿ. ಎಫ್‌ಪಿಎಸ್, ಅಂದರೆ ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ, ಏರಿದರೆ ಕಾರ್ಡಿನ ಮಿತಿ. ಏರದೆ ಅಲ್ಲೇ ನಿಂತರೆ ಪ್ರೊಸೆಸರಿನ ಮಿತಿ. ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕುವುದು, ಒಂಟಿ ರ‍್ಯಾಮಿಗೆ ಜೋಡಿ ತರುವುದು, ಈ ಎರಡು ಇನ್ನೂ ಆಗದಿದ್ದರೆ ಮೊದಲು ಅವು.

ಬಿ450 ಬೋರ್ಡಿನಲ್ಲಿ ಹಳೆ ರೈಜನ್ 5 2600 ಇರುವವರಿಗೆ ಒಳ್ಳೆಯ ದಾರಿ ಉಂಟು: ಬಯೋಸ್ ಅಪ್‌ಡೇಟ್ ಮಾಡಿ 5600 ಹಾಕುವುದು. ಹಳೆ ಪ್ರೊಸೆಸರ್ ಇರುವಾಗಲೇ ಅಪ್‌ಡೇಟ್ ಮುಗಿಸಿ, ಅದೂ ಯುಪಿಎಸ್ ಮೇಲೆ, ಮೋಡ ಇಲ್ಲದ ದಿನ. ಎಎಂ4ರಲ್ಲಿ ಪಿನ್ ಇರುವುದು ಪ್ರೊಸೆಸರಿನಲ್ಲಿ. ಗಟ್ಟಿಯಾದ ಹಳೆ ಪೇಸ್ಟ್ ಹಿಡಿದು ಕೂಲರಿನ ಜೊತೆ ಪ್ರೊಸೆಸರೂ ಕಿತ್ತು ಬಂದರೆ ಪಿನ್ ಬಾಗುತ್ತವೆ. ಹತ್ತು ನಿಮಿಷ ಆಡಿಸಿ ಬಿಸಿಮಾಡಿ, ಆಫ್ ಮಾಡಿ, ಕೂಲರನ್ನು ಎಡಕ್ಕೆ ಬಲಕ್ಕೆ ತಿರುವಿ ಆಮೇಲೆ ಎತ್ತಿ.

ಎಸ್‌ಎಂಪಿಎಸ್ ಬದಲಿಸಿದಾಗ ಹಳೆಯದರ ಬಿಡಿಸುವ ಕೇಬಲ್ಲುಗಳನ್ನು ಹೊಸದಕ್ಕೆ ಹಾಕಲೇಬೇಡಿ. ತುದಿ ಸರಿಹೊಂದಿದರೂ ಒಳಗಿನ ತಂತಿಗಳ ಕ್ರಮ ಬೇರೆ ಇರಬಹುದು, ಹಾಗಿದ್ದರೆ ಡಿಸ್ಕ್ ಒಂದೇ ಕ್ಷಣದಲ್ಲಿ ಸುಟ್ಟೀತು.

ಕೆಟ್ಟಾಗ

ಆನ್ ಆಗುವುದೇ ಇಲ್ಲವೆಂದರೆ ಸಾಕೆಟ್, ಎಸ್‌ಎಂಪಿಎಸ್ ಹಿಂದಿನ ಸ್ವಿಚ್, ಪವರ್ ಬಟನ್ನಿನ ತಂತಿ, ಈ ಕ್ರಮದಲ್ಲಿ ನೋಡಿ. ಆಟದಲ್ಲಿ ಮಾತ್ರ ರೀಸ್ಟಾರ್ಟ್ ಆದರೆ ಕಾಪುವಿನ ಕತೆ ನೆನಪಿಸಿಕೊಳ್ಳಿ: ಯಾವ ಹೊತ್ತಿಗೆ ಎಂದು ಒಂದು ವಾರ ಬರೆದಿಡಿ. ನೀಲಿ ಪರದೆ ಬರುತ್ತಿದ್ದರೆ ಎಕ್ಸ್‌ಎಂಪಿ ಆಫ್ ಮಾಡಿ ನೋಡಿ, ನಿಂತರೆ ರ‍್ಯಾಮ್ ಆ ವೇಗದಲ್ಲಿ ಸರಿಯಾಗಿ ಓಡುತ್ತಿಲ್ಲ ಎಂದರ್ಥ. ಹೊಸ ಕಾರ್ಡ್ ಹಾಕಿದ ಮೇಲೆ ಚಿತ್ರ ಜಿಗಿಯುತ್ತಿದ್ದರೆ ಸೇಫ್ ಮೋಡಿಗೆ ಹೋಗಿ ಡಿಡಿಯು ಎಂಬ ಸಾಫ್ಟ್‌ವೇರಿನಿಂದ ಹಳೆ ಡ್ರೈವರ್ ಪೂರ್ತಿ ಕಿತ್ತು ಹೊಸದನ್ನು ಹಾಕಿ. ತಾರೀಕು ಪದೇ ಪದೇ ಹಿಂದಕ್ಕೆ ಹೋಗುತ್ತಿದ್ದರೆ ಬೋರ್ಡಿನ ಸಿಆರ್2032 ಬ್ಯಾಟರಿ ಬದಲಿಸಿ.

ಹೆಚ್ಚು ಬರುವುದು "ಫ್ಯಾನ್ ತಿರುಗುತ್ತದೆ, ಡಿಸ್ಪ್ಲೇ ಇಲ್ಲ" ಎಂಬ ದೂರು. ಬೋರ್ಡಿನ ಅಂಚಿನಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಎಂಬ ನಾಲ್ಕು ಸಣ್ಣ ದೀಪಗಳಿದ್ದರೆ ಯಾವುದು ಆರದೆ ನಿಂತಿದೆ ನೋಡಿ. ಮಳೆಗಾಲದಲ್ಲಿ ಹತ್ತರಲ್ಲಿ ಏಳು ಸಲ ಡಿರ‍್ಯಾಮ್ ದೀಪವೇ. ಕಳೆದ ಆಗಸ್ಟಿನಲ್ಲಿ ಮಲ್ಪೆಯಿಂದ ಬಂದ ಒಂದು ಪಿಸಿಯ ರ‍್ಯಾಮ್ ತೆಗೆದು ಬೆಳಕಿಗೆ ಹಿಡಿದೆ. ಚಿನ್ನದ ಹಲ್ಲುಗಳು ಮಂಕಾಗಿದ್ದವು, ಎರಡರ ನಡುವೆ ಸಾಸಿವೆಗಿಂತ ಸಣ್ಣ ಹಸಿರು ಚುಕ್ಕೆಗಳು. 99 ಶೇಕಡಾದ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಬಟ್ಟೆಯ ತುದಿ ಅದ್ದಿ, ಹಲ್ಲಿನ ಉದ್ದಕ್ಕೆ ಮಾತ್ರ, ಅಡ್ಡಕ್ಕಲ್ಲ, ನಾಲ್ಕು ಸಲ ಒರೆಸಿದೆ. ಬಟ್ಟೆ ಬೂದುಹಸಿರಾಯಿತು. ಸ್ಲಾಟಿಗೂ ಮೆತ್ತಗಿನ ಬ್ರಶ್ಶಿನಿಂದ ಅದನ್ನೇ ಸವರಿ, ಒಣಗಲು ಅರ್ಧ ಗಂಟೆ ಬಿಟ್ಟು ಹಾಕಿದಾಗ ಪಿಸಿ ಎದ್ದಿತು. ಮೆಡಿಕಲ್ ಶಾಪಿನ ಸ್ಪಿರಿಟ್ ಇದಕ್ಕೆ ಆಗದು, ಅದರಲ್ಲಿ ನೀರಿನ ಅಂಶ ಹೆಚ್ಚು. ಮೊಬೈಲ್ ರಿಪೇರಿಯ ಸಾಮಾನು ಮಾರುವಲ್ಲಿ ಕೇಳಿ.

ಒರೆಸಿದರೂ ಏಳದಿದ್ದರೆ ಒಂದೇ ರ‍್ಯಾಮ್ ಇಟ್ಟು ಸ್ಲಾಟ್ ಬದಲಿಸುತ್ತಾ ನೋಡಿ. ಪ್ರೊಸೆಸರಿನ ಒಳಗೆ ಗ್ರಾಫಿಕ್ಸ್ ಇದ್ದರೆ, ಕಾರ್ಡ್ ತೆಗೆದು ಮದರ್‌ಬೋರ್ಡಿನ ಪೋರ್ಟಿನಿಂದ ಡಿಸ್ಪ್ಲೇ ಬರುತ್ತದೆಯೇ ನೋಡಿ. ಆಮೇಲೆ ಬ್ಯಾಟರಿ ತೆಗೆದು ಐದು ನಿಮಿಷ ಬಿಟ್ಟು ಹಾಕಿ. ಅಷ್ಟಕ್ಕೂ ಆಗದಿದ್ದರೆ ಅಂಗಡಿಗೆ ಒಯ್ಯುವುದೇ ಸರಿ. ಬಸ್ಸಿನಲ್ಲೋ ಸ್ಕೂಟರಿನಲ್ಲೋ ಒಯ್ಯುವಾಗ ಗ್ರಾಫಿಕ್ಸ್ ಕಾರ್ಡ್ ಬಿಚ್ಚಿ ಬೇರೆ ಪೆಟ್ಟಿಗೆಯಲ್ಲಿಡಿ, ಕುಲುಕಾಟಕ್ಕೆ ಅದರ ಭಾರ ಸ್ಲಾಟನ್ನೇ ಸೀಳುತ್ತದೆ. ಜೊತೆಗೆ ಒಂದು ಚೀಟಿಯಲ್ಲಿ ಎಂದಿನಿಂದ, ಯಾವ ಹೊತ್ತಿಗೆ, ಯಾವ ದೀಪ, ಏನೇನು ಬದಲಿಸಿ ನೋಡಿದಿರಿ ಎಂದು ಬರೆದು ಕೊಡಿ, ಬಿಲ್ಲಿನ ಪ್ರತಿಯೂ ಇರಲಿ.